ಇಮ್ಮಡಿ: ಎರಡನೆಯವನೋ, ಎರಡರಷ್ಟೋ?

ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರು, ನಾಲ್ವಡಿ ಕೃಷ್ಣರಾಜ ಒಡೆಯರು. ಶಾಲೆಯ ಪುಸ್ತಕದಿಂದಲೇ ಪರಿಚಿತವಾದ ಈ ಹೆಸರುಗಳಲ್ಲಿ ಇಮ್ಮಡಿ, ಮುಮ್ಮಡಿ ಎಂಬವು ಬಿರುದುಗಳೆಂದು ತಿಳಿದವರು ಅನೇಕರು. ಎರಡನೆಯ, ಮೂರನೆಯ ಎಂದಷ್ಟೇ ಅರ್ಥ ಮಾಡುವವರೂ ಉಂಟು. ಪದದ ಮೂಲ ನೋಡಿದರೆ ವಿಷಯ ಇನ್ನಷ್ಟು ಸ್ವಾರಸ್ಯಕರವಾಗಿದೆ.

'ಮಡಿ' ಎಂದರೆ ಮಡಿಕೆ, ಪದರ. ಪಂಚೆಯನ್ನು ಒಮ್ಮೆ ಮಡಿಸಿದರೆ ಎರಡು ಪದರವಾಗುತ್ತದೆ. ಅದೇ ಇಮ್ಮಡಿ. 'ಎರಡು' ಎಂಬುದು ಸಮಾಸದಲ್ಲಿ 'ಇರ್' ಎಂದಾಗಿ ಮುಂದಿನ ವ್ಯಂಜನದೊಡನೆ ಬೆರೆಯುತ್ತದೆ. ಇಪ್ಪತ್ತು, ಇನ್ನೂರು, ಇಕ್ಕೆಲ, ಇಬ್ಬದಿ ಎಲ್ಲವೂ ಹೀಗೆ ಆದವು. ನಾಲ್ಕರ ಜೊತೆ ಸೇರಿದಾಗ ಮಕಾರ ವಕಾರವಾಗಿ 'ನಾಲ್ವಡಿ' ಎಂದಾಯಿತು. ಸಂಸ್ಕೃತದ 'ದ್ವಿಗುಣ'ದಲ್ಲಿ ಗುಣ ಎಂದರೆ ಹಗ್ಗದ ಎಳೆ. ಸಂಸ್ಕೃತ ಹಗ್ಗದ ಎಳೆ ಎಣಿಸಿತು, ಕನ್ನಡ ಬಟ್ಟೆಯ ಮಡಿಕೆ ಎಣಿಸಿತು.

ಆದ್ದರಿಂದ ಮಡಿ ಮೂಲತಃ ಸರದಿಯ ಲೆಕ್ಕವಲ್ಲ, ಪ್ರಮಾಣದ ಲೆಕ್ಕ. ಕಲ್ಯಾಣದ ಚಾಲುಕ್ಯರ ತೈಲಪನಿಗೆ 'ನೂರ್ಮಡಿ ತೈಲ' ಎಂಬ ಹೆಸರಿತ್ತು. ಅವನಿಗಿಂತ ಮೊದಲು ತೊಂಬತ್ತೊಂಬತ್ತು ತೈಲಪರು ಆಳಿದ್ದರೆಂದು ಇದರ ಅರ್ಥವಲ್ಲ. ನೂರು ಪಟ್ಟು ಹಿರಿಮೆಯವನು ಎಂಬುದು ಅದರ ಭಾವ. ಚೋಳ ರಾಜರಾಜನ 'ಮುಮ್ಮುಡಿ' ಬೇರೆ ಮಾತು. ಅಲ್ಲಿರುವುದು ಮಡಿಯಲ್ಲ, ಮುಡಿ. ಮೂರು ಕಿರೀಟ ಧರಿಸಿದವನು ಎಂದರ್ಥ.

ಪುಲಕೇಶಿಯ ಕೀರ್ತಿಯನ್ನು ಹಾಡುವ ಕ್ರಿ.ಶ. 634ರ ಐಹೊಳೆ ಶಾಸನ ಸಂಸ್ಕೃತದಲ್ಲಿದೆ; ಅದರಲ್ಲಿ ಈ ಕನ್ನಡ ಪದವಿಲ್ಲ. ಅದೇ ಹೆಸರಿನ ಅಜ್ಜನಿಂದ ಮೊಮ್ಮಗನನ್ನು ಬೇರ್ಪಡಿಸಲು ಇಮ್ಮಡಿ ಎನ್ನುವುದು ರೂಢಿಯಾಗಿದೆ.

ಮೈಸೂರಿನಲ್ಲಿ ಈ ಪದಕ್ಕೆ ಬೇರೆಯೇ ತೂಕ ಬಂತು. ದೊಡ್ಡ ಕೃಷ್ಣರಾಜ ಒಡೆಯರ ನಂತರ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂದು ಒಂದೇ ಹೆಸರು ಮರಳಿ ಮರಳಿ ಬಂದರೂ ರಕ್ತಸಂಬಂಧ ನೇರವಾಗಿ ಹರಿದು ಬರಲಿಲ್ಲ. ಗಂಡುಸಂತಾನವಿಲ್ಲದ ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರ ಒಡೆಯರನ್ನು ದತ್ತು ತೆಗೆದುಕೊಂಡರು. ನಾಲ್ವಡಿಯವರು ಅವರ ಮಗ. ಆ ದತ್ತಕವನ್ನು ಬ್ರಿಟಿಷರು ಮಾನ್ಯ ಮಾಡದಿದ್ದರೆ ಸಂಸ್ಥಾನವೇ ಕೈತಪ್ಪುತ್ತಿತ್ತು. ಎಳೆ ಕಡಿದಲ್ಲೆಲ್ಲ ಹೆಸರಿನ ಮಡಿಕೆ ಅದನ್ನು ಮುಚ್ಚಿ ವಂಶವನ್ನು ಒಂದಾಗಿ ತೋರಿಸಿತು.

ಇಂದಿನ ವ್ಯವಹಾರಕ್ಕೂ ಈ ಪದ ಉಪಯುಕ್ತ. ಹತ್ತು ರೂಪಾಯಿಯ ಸರಕು ಇಪ್ಪತ್ತಾದರೆ ಬೆಲೆ ಇಮ್ಮಡಿಯಾಯಿತು. 'ಎರಡು ಪಟ್ಟು ಹೆಚ್ಚಾಯಿತು' ಎಂದರೆ ಇಪ್ಪತ್ತೋ ಮೂವತ್ತೋ ಎಂಬ ಸಂಶಯ ಉಳಿಯುತ್ತದೆ. ಮಡಿಸಿದ ಬಟ್ಟೆಯ ಪದರ ಎಣಿಸುವಾಗ ಅಂಥ ಗೊಂದಲವಿಲ್ಲ. ಸಂತೆಯಿಂದ ಕಚೇರಿಯವರೆಗೆ 'ಡಬಲ್' ಹಬ್ಬಿರುವಾಗ, ಅಳತೆ ತಪ್ಪದ ಈ ಹಳೆಯ ಪದವನ್ನು ಅರಸರ ಹೆಸರಿಗಷ್ಟೇ ಮೀಸಲಿಡಬೇಕಾಗಿಲ್ಲ.