ರಂಗಭೂಮಿಯಲ್ಲಿ ಸ್ತ್ರೀ ಸಲಿಂಗಾನುರಾಗದ ಗೋಚರತೆ: ಎಡೆದೊರೆ ನಾಡಿನಿಂದ ಒಂದು ಪರಿಶೀಲನೆ

೧

ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರರು ೧೯೧೫ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದ ಮಹತ್ತ್ವ ಚರಿತ್ರೆಯ ವಿದ್ಯಾರ್ಥಿಗಳಿಗೆ ವಿದಿತವಾದುದೇ ಆಗಿದೆ. ಅದಕ್ಕೆ ಮುಂಚೆ ಓದಲಾಗಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಅಂಕಿತನಾಮವಿರಲಿಲ್ಲ. ಆತನೇ ಅಶೋಕನೆಂದು ೧೮೩೭ರಲ್ಲಿ ಜಾರ್ಜ್ ಟರ್ನರ್ ಅವರು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಆ ಊಹೆಯನ್ನು ಕಲ್ಲಿನ ಸಾಕ್ಷ್ಯದಿಂದ ಸ್ಥಿರಪಡಿಸಿದುದು, ೭೮ ವರ್ಷಗಳ ತರುವಾಯ, ಮಸ್ಕಿಯ ಬಂಡೆ. ಒಬ್ಬ ವ್ಯಕ್ತಿ ಹತ್ತಾರು ಕಡೆ ಕಣ್ಣಿಗೆ ಬೀಳುತ್ತಿದ್ದರೂ ಹೆಸರಿನಿಂದ ಅಜ್ಞಾತನಾಗಿ ಉಳಿಯಬಹುದೆಂಬ ಪಾಠವನ್ನು ಈ ಶಾಸನ ಕಲಿಸುತ್ತದೆ.

ಸ್ತ್ರೀಯರನ್ನು ಪ್ರೀತಿಸುವ ಸ್ತ್ರೀಯರು ನಮ್ಮ ರಂಗಭೂಮಿಯಲ್ಲಿ ಎಷ್ಟರಮಟ್ಟಿಗೆ ಗೋಚರರಾಗಿದ್ದಾರೆ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವವರಿಗೆ ಈ ಪಾಠ ಉಪಯುಕ್ತವಾದುದು. ‘ಗೋಚರತೆ’ ಎಂಬುದರಲ್ಲಿ ಮೂರು ಅರ್ಥಗಳು ಬೆರೆತಿವೆ. ರಂಗದ ಮೇಲೆ ಕಾಣುವ ರೂಪ ಒಂದು. ನಾಟಕದ ಕಥಾವಸ್ತುವಿನಲ್ಲಿ ದೊರೆಯುವ ಸ್ಥಾನ ಇನ್ನೊಂದು. ನಟಿಯ ಸ್ವಂತ ಬಾಳಿಗೆ ಸಮಾಜ ಕೊಡುವ ಹೆಸರು ಮತ್ತೊಂದು. ಇವು ಮೂರೂ ಒಟ್ಟಿಗೆ ನಡೆದಿಲ್ಲ. ರೂಪ ಮೊದಲು ಬಂದಿತು, ಕಥೆ ತಡವಾಗಿ ಬಂದಿತು, ಹೆಸರು ಇನ್ನೂ ಹಿಂದೆಯೇ ಉಳಿದಿದೆ. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗೆ ಸೇರಿದ ಊರುಗಳು. ೧೯೦೫ರ ವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ೧೯೪೮ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶ ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಬಹುಕಾಲ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ.

ಉತ್ತರ ಕರ್ನಾಟಕದ ಇತರ ಭಾಗಗಳಂತೆ ಇಲ್ಲಿಯ ರಂಗಸಂಪ್ರದಾಯವೂ ಮೂರು ಬಗೆಯದು: ಬಯಲಾಟ, ಜಾತ್ರೆಗಳಲ್ಲಿ ಡೇರೆ ಹೂಡುವ ವೃತ್ತಿ ಕಂಪೆನಿಗಳ ನಾಟಕ, ಹಾಗೂ ಊರಿನ ಯುವಕರು ಪೇಟಿ ಮಾಸ್ತರರಿಂದ ತಾಲೀಮು ಪಡೆದು ಆಡುವ ನಾಟಕ. ನೆರೆಯ ಕಂದಗಲ್ಲ ಗ್ರಾಮದ ಹನುಮಂತರಾಯರ ‘ರಕ್ತರಾತ್ರಿ’ಯಂಥ ಕೃತಿಗಳು ಈ ಸೀಮೆಯ ಜನರಿಗೆ ಅಚ್ಚುಮೆಚ್ಚಾದವು. ಹಳ್ಳಿಯ ನಾಟಕದಲ್ಲಿ ಪುರುಷಪಾತ್ರಗಳು ಊರವರವು. ಸ್ತ್ರೀಪಾತ್ರಗಳಿಗೆ ಪರಊರಿನಿಂದ ವೃತ್ತಿನಟಿಯರನ್ನು ಸಂಭಾವನೆ ಗೊತ್ತುಮಾಡಿ ಕರೆಸುವುದು ವಾಡಿಕೆ. ಆಕೆಯ ಹೆಸರು ಹಸ್ತಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗುತ್ತದೆ. ಆದರೆ ಆಕೆ ಯಾರೊಡನೆ ಬಾಳಿದಳು, ಕಾಯಿಲೆಯಲ್ಲಿ ಯಾರು ಆಕೆಯನ್ನು ನೋಡಿಕೊಂಡರು, ಆಕೆಯ ಗಳಿಕೆ ಯಾರಿಗೆ ಸೇರಿತು ಎಂಬ ಸಂಗತಿಗಳಿಗೆ ಹಸ್ತಪತ್ರದಲ್ಲಿ ಎಡೆಯಿಲ್ಲ.

ಇಲ್ಲಿ ಸಂಶೋಧಕನು ಎರಡು ತಪ್ಪುಗಳಿಂದ ದೂರವಿರಬೇಕು. ಕನ್ನಡದ ಆದ್ಯ ನಟಿಯರಲ್ಲಿ ಅನೇಕರು ದೇವದಾಸಿ ಹಾಗೂ ಕಲಾವಂತ ಮನೆತನಗಳಿಂದ ಬಂದವರು. ಆ ಮನೆಗಳಲ್ಲಿ ತಾಯಿ, ಮಗಳು, ಅಕ್ಕ, ತಂಗಿ, ಸಾಕುಮಗಳು ಕೂಡಿ ಬಾಳುತ್ತಿದ್ದರು. ಗಂಡನಿಲ್ಲದ ಮನೆ ಅಲ್ಲಿ ಅಸಾಮಾನ್ಯವಾಗಿರಲಿಲ್ಲ. ಆದುದರಿಂದ ಇಬ್ಬರು ನಟಿಯರು ಒಂದೇ ಮನೆಯಲ್ಲಿದ್ದರೆಂಬಷ್ಟರಿಂದಲೇ ಅವರನ್ನು ಪ್ರಣಯಿಗಳೆಂದು ನಿರ್ಣಯಿಸುವುದು ಸಲ್ಲದು. ಇದು ಮೊದಲನೆಯ ತಪ್ಪು. ಬರಹದಲ್ಲಿ ಇಲ್ಲದ್ದರಿಂದ ಬಾಳಿನಲ್ಲಿಯೂ ಇರಲಿಲ್ಲವೆಂದು ಸಾಧಿಸುವುದು ಎರಡನೆಯದು. ಅಂಥ ಸಂಬಂಧವಿದ್ದ ಪಕ್ಷದಲ್ಲಿ ಅದು ಮರೆಯಾಗಿರಲು ಈ ಮನೆಗಳಷ್ಟು ತಕ್ಕ ನೆಲೆ ಬೇರೊಂದಿಲ್ಲ. ‘ಗೆಳತಿ’, ‘ಅಕ್ಕ’ ಎಂಬ ಮಾತುಗಳು ಯಾವ ಶಂಕೆಗೂ ಎಡೆಗೊಡದೆ ಎಲ್ಲವನ್ನೂ ಒಳಗೊಳ್ಳಬಲ್ಲುವು.

ಇದೇ ಸೀಮೆಯ ಇನ್ನೊಂದು ಸಂಪ್ರದಾಯದೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎಲ್ಲಮ್ಮನಿಗೆ ಮುಡಿಪಾದ ಜೋಗತಿಯರಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೆ ಒಂದು ಹೆಸರುಂಟು, ಒಂದು ದೈವವುಂಟು, ಕೊಡ ಹೊತ್ತು ಕುಣಿಯುವ ಒಂದು ಕಲೆಯುಂಟು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಅವರ ದಾರಿ ಕಷ್ಟಗಳಿಂದ ಕೂಡಿದುದಾದರೂ ಸಮಾಜ ಅವರನ್ನು ಗುರುತಿಸಲು ಬೇಕಾದ ಪದ ಮೊದಲೇ ಸಿದ್ಧವಿತ್ತು. ಹೆಣ್ಣನ್ನು ಪ್ರೀತಿಸಿದ ಹೆಣ್ಣಿಗೆ ಅಂಥ ಪದವನ್ನಾಗಲಿ ದೈವವನ್ನಾಗಲಿ ಸಂಪ್ರದಾಯ ಒದಗಿಸಲಿಲ್ಲ.

೩

ಇನ್ನು ರಂಗರೂಪದ ವಿಚಾರ. ಗಂಡಸರು ಸ್ತ್ರೀಪಾತ್ರ ವಹಿಸಿದ ಕಾಲವನ್ನು ನಮ್ಮ ರಂಗಚರಿತ್ರೆಗಳು ವಿಸ್ತಾರವಾಗಿ ವರ್ಣಿಸುತ್ತವೆ. ಸ್ತ್ರೀಯರು ಪುರುಷಪಾತ್ರ ವಹಿಸಿದುದಕ್ಕೆ ಅಷ್ಟು ಪುಟಗಳು ದೊರೆತಿಲ್ಲ. ಮೈಸೂರಿನಲ್ಲಿ ೧೯೫೮ರಲ್ಲಿ ಆರ್. ನಾಗರತ್ನಮ್ಮನವರು ಸ್ಥಾಪಿಸಿದ ‘ಸ್ತ್ರೀ ನಾಟಕ ಮಂಡಳಿ’ಯಲ್ಲಿ ಎಲ್ಲ ಪಾತ್ರಗಳೂ ಸ್ತ್ರೀಯರವೇ. ಕಂಸ, ರಾವಣ, ಭೀಮ, ದುರ್ಯೋಧನರಂಥ ಪಾತ್ರಗಳಲ್ಲಿ ನಾಗರತ್ನಮ್ಮನವರು ಖ್ಯಾತರಾದರು. ೨೦೧೨ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

ಇಂಥ ಮಂಡಳಿಯ ನಾಟಕದಲ್ಲಿ ನಾಯಕನೂ ಹೆಣ್ಣು, ನಾಯಿಕೆಯೂ ಹೆಣ್ಣು. ಅವರ ಪ್ರಣಯಸಂಭಾಷಣೆಯನ್ನು ಗೃಹಸ್ಥರು ಸಂಸಾರಸಮೇತರಾಗಿ ಕುಳಿತು ನೋಡಿದರು. ಯಾರಿಗೂ ಅದು ಅನುಚಿತವೆನಿಸಲಿಲ್ಲ. ಇದರಿಂದ ನಟಿಯರ ಸ್ವಂತ ಬಾಳಿನ ಬಗ್ಗೆ ಏನನ್ನೂ ಅನುಮಾನಿಸಲಾಗದು, ಅನುಮಾನಿಸಲೂಬಾರದು. ಪುರುಷವೇಷ ಅವರಿಗೆ ವೃತ್ತಿಕೌಶಲ. ಗಂಡಸರ ಹಂಗಿಲ್ಲದೆ ಮಂಡಳಿ ನಡೆಸುವ ಉಪಾಯವೂ ಹೌದು. ನಮಗೆ ಮುಖ್ಯವಾದ ಅಂಶ ಬೇರೆ: ಇಬ್ಬರು ಸ್ತ್ರೀಯರ ನಡುವಣ ಅನುರಾಗದ ದೃಶ್ಯವನ್ನು ಪುರುಷನ ಹೆಸರಿನ ಮರೆಯಲ್ಲಿ ನೋಡಲು ನಮ್ಮ ಪ್ರೇಕ್ಷಕರು ಸಿದ್ಧರಿದ್ದರು.

ಜಪಾನಿನ ತಕರಾಜುಕಾ ತಂಡ ಇದಕ್ಕೆ ಸಮೀಪದ ನಿದರ್ಶನ. ೧೯೧೪ರಲ್ಲಿ ಪ್ರದರ್ಶನವನ್ನಾರಂಭಿಸಿದ ಈ ತಂಡದಲ್ಲಿಯೂ ಪುರುಷಪಾತ್ರಗಳು ಸ್ತ್ರೀಯರವು. ೧೯೩೦ರ ದಶಕದಲ್ಲಿ ಆ ನಟಿಯರ ಮೇಲೆ ತರುಣಿಯರಿಗಿದ್ದ ಮೋಹವನ್ನು ಅಲ್ಲಿಯ ಪತ್ರಿಕೆಗಳು ಸಲಿಂಗಾನುರಾಗವೆಂದೇ ಹೆಸರಿಸಿ ಚರ್ಚಿಸಿದುವು. ನಮ್ಮಲ್ಲಿ ರೂಪವಿದ್ದಿತು, ಅಂಥ ಚರ್ಚೆ ಹುಟ್ಟಲಿಲ್ಲ.

೪

ಕಥಾವಸ್ತುವನ್ನು ನೋಡಿದರೂ ಹೀಗೆಯೇ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯೂ ಯಕ್ಷಗಾನದಲ್ಲಿಯೂ ಪ್ರಸಿದ್ಧವಾದ ಪ್ರಮೀಳೆಯ ಕಥೆಯಲ್ಲಿ ಗಂಡಸರಿಲ್ಲದ ಒಂದು ರಾಜ್ಯವೇ ಇದೆ. ಯಜ್ಞಾಶ್ವದ ಬೆನ್ನಟ್ಟಿ ಬಂದ ಅರ್ಜುನನನ್ನು ಪ್ರಮೀಳೆ ಎದುರಿಸುತ್ತಾಳೆ. ಆದರೆ ಕಥೆ ಮುಗಿಯುವುದು ವಿವಾಹದಲ್ಲಿ. ಸ್ತ್ರೀಯರೇ ಬಾಳುವ ನಾಡನ್ನು ಕಲ್ಪಿಸಬಲ್ಲ ಪ್ರತಿಭೆ, ಅದು ಹಾಗೆಯೇ ಉಳಿಯಬಹುದೆಂದು ಒಪ್ಪಲಾರದು.

ಆಧುನಿಕ ಭಾರತೀಯ ರಂಗದಲ್ಲಿ ಈ ವಸ್ತುವನ್ನು ನೇರವಾಗಿ ಎತ್ತಿಕೊಂಡ ಮೊದಲ ನಾಟಕಗಳಲ್ಲಿ ವಿಜಯ್ ತೆಂಡೂಲ್ಕರರ ಮರಾಠಿ ಕೃತಿ ‘ಮಿತ್ರಾಚಿ ಗೋಷ್ಟ’ ಮುಖ್ಯವಾದುದು. ೧೯೮೧ರ ಪ್ರಯೋಗದಲ್ಲಿ ರೋಹಿಣಿ ಹಟ್ಟಂಗಡಿಯವರು ಮಿತ್ರಾಳ ಪಾತ್ರ ವಹಿಸಿದ್ದರು. ಕಾಲೇಜಿನ ನಾಟಕದಲ್ಲಿ ಪುರುಷಪಾತ್ರ ವಹಿಸಿದ ಮಿತ್ರಾ, ನಾಯಿಕೆಯ ಪಾತ್ರದ ನಮಾಳಲ್ಲಿ ಅನುರಕ್ತಳಾಗುತ್ತಾಳೆ. ಸ್ತ್ರೀ ಮಂಡಳಿಗಳ ರಂಗದಲ್ಲಿ ವೇಷದ ಮರೆಯಲ್ಲಿದ್ದುದು ಇಲ್ಲಿ ವೇಷ ಕಳಚಿದ ಮೇಲೂ ಉಳಿಯುತ್ತದೆ; ನಾಟಕದ ಸಂಕಟವೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ. ಕೊನೆಗೆ ಮಿತ್ರಾ ಪ್ರಾಣ ಕಳೆದುಕೊಳ್ಳುತ್ತಾಳೆ.

ಪಾಶ್ಚಾತ್ಯ ರಂಗದಲ್ಲಿಯೂ ದಾರಿ ಸುಗಮವಾಗಿರಲಿಲ್ಲ. ಶೋಲೆಮ್ ಆಶ್ ಯಿದ್ದಿಷ್ ಭಾಷೆಯಲ್ಲಿ ಬರೆದ ‘ಗಾಡ್ ಆಫ್ ವೆಂಜನ್ಸ್’ ೧೯೨೩ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಪ್ರದರ್ಶಿತವಾದಾಗ ತಂಡದವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಲಿಲಿಯನ್ ಹೆಲ್‌ಮನ್ನರ ‘ದಿ ಚಿಲ್ಡ್ರನ್ಸ್ ಅವರ್’ (೧೯೩೪) ನಾಟಕಕ್ಕೆ ಲಂಡನ್ನಿನಲ್ಲಿ ಪರವಾನಗಿ ದೊರೆಯಲಿಲ್ಲ. ಅದರಲ್ಲಿಯೂ ತನ್ನ ಅನುರಾಗವನ್ನು ಬಾಯಿಬಿಟ್ಟು ಹೇಳಿದ ಅಧ್ಯಾಪಿಕೆ ಸಾಯುತ್ತಾಳೆ. ಮಿತ್ರಾಳಿಗೂ ಈಕೆಗೂ ಹೆಸರು ಮತ್ತು ಮರಣ ಒಟ್ಟಿಗೇ ಬಂದುವು. ಗೋಚರತೆಗೆ ತೆರಬೇಕಾದ ಬೆಲೆ ಇದೇ ಎಂದು ನಾಟಕಗಳೇ ಹೇಳತೊಡಗಿದರೆ, ಸಣ್ಣ ಊರಿನಲ್ಲಿ ಕುಳಿತು ನೋಡುವ ತರುಣಿಗೆ ಅವು ಕೊಡುವ ಧೈರ್ಯವೆಷ್ಟು ಎಂಬುದು ವಿಚಾರಾರ್ಹ.

ಕನ್ನಡದಲ್ಲಿ ಈಚಿನ ಪ್ರಯೋಗಗಳು ರೂಪದ ಪ್ರಶ್ನೆಯನ್ನು ಮತ್ತೆ ಎತ್ತಿವೆ. ಶರಣ್ಯ ರಾಮಪ್ರಕಾಶ್ ಅವರ ‘ಅಕ್ಷಯಾಂಬರ’ (೨೦೧೫) ನಾಟಕದಲ್ಲಿ ಯಕ್ಷಗಾನದ ಪುರುಷವೇಷ ಹೆಣ್ಣಿನದು, ದ್ರೌಪದಿಯ ವೇಷ ಗಂಡಸಿನದು. ಅದರ ವಸ್ತು ಸಲಿಂಗಾನುರಾಗವಲ್ಲ. ವೇಷ ಯಾರ ಸ್ವತ್ತು, ಅಧಿಕಾರ ಯಾರದು ಎಂಬುದು. ಆದರೂ ಪುರುಷವೇಷ ಧರಿಸಿದ ಹೆಣ್ಣನ್ನು ಕೇವಲ ಕೌಶಲವೆಂದು ಮೆಚ್ಚಿ ಎದ್ದುಹೋಗಲು ಅದು ಬಿಡುವುದಿಲ್ಲ.

೫

ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೬ರಂದು ವಯಸ್ಕರ ಸಮ್ಮತಿಯ ಸಲಿಂಗಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ೨೦೨೩ರ ಅಕ್ಟೋಬರ್ ೧೭ರ ತೀರ್ಪಿನಲ್ಲಿ ಅಂಥ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಕಾನೂನಿನ ಭಯ ಕಡಮೆಯಾಗಿದೆ. ಮನೆಯ ಭಯ ಹಾಗೆಯೇ ಇದೆ. ಇಂಥ ಜೋಡಿಗಳ ಸುದ್ದಿ ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದು ಅವರು ಮನೆ ಬಿಟ್ಟು ಹೋದಾಗ ಅಥವಾ ಸತ್ತಾಗ.

ಆದಕಾರಣ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ಊರುಗಳಲ್ಲಿ ರಂಗಚರಿತ್ರೆಯನ್ನು ಸಂಗ್ರಹಿಸಹೊರಡುವ ವಿದ್ಯಾರ್ಥಿ ನಟಿಯ ಪಾತ್ರಗಳ ಪಟ್ಟಿಯೊಂದನ್ನೇ ಕೇಳಿ ಹಿಂದಿರುಗಬಾರದು. ಆಕೆಯ ಬಾಳಿನ ಸಂಗಡಿಗರನ್ನೂ ಕುರಿತು ಕೇಳಬೇಕು. ಆಕೆ ಬಳಸುವ ಮಾತನ್ನೇ ಬರೆದುಕೊಳ್ಳಬೇಕು. ತನ್ನ ಪರಿಭಾಷೆಯನ್ನು ಆಕೆಯ ಮೇಲೆ ಹೊರಿಸಬಾರದು. ಆಕೆ ಒಪ್ಪದೆ ಹೆಸರನ್ನು ಪ್ರಕಟಿಸಲೇಬಾರದು.

ಮಸ್ಕಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಶಾಸನ ಬರೆಯಿಸಿದವನು ಚಕ್ರವರ್ತಿ. ಕಲ್ಲಿನ ಮೇಲೆ ತನ್ನ ಹೆಸರನ್ನು ಹಾಕಿಸುವುದೂ ಬಿಡುವುದೂ ಅವನ ಅಧಿಕಾರದಲ್ಲಿತ್ತು. ಹಸ್ತಪತ್ರದ ನಟಿಗೆ ತನ್ನ ಬಾಳಿನ ವಿಷಯದಲ್ಲಿ ಆ ಅಧಿಕಾರವಿರಲಿಲ್ಲ. ಅದು ಆಕೆಗೆ ದೊರೆತಾಗಲೇ ಗೋಚರತೆ ಎಂಬ ಮಾತಿಗೆ ಪೂರ್ಣಾರ್ಥ ಬರುತ್ತದೆ. ಅಲ್ಲಿಯ ತನಕ ಹೆಸರಿಲ್ಲದ ಆ ಇರವನ್ನು ಇಲ್ಲವೆಂದು ಬರೆಯದಿರುವುದು ಚರಿತ್ರಕಾರನ ಕರ್ತವ್ಯವಾಗಿದೆ.