ಅಂದಾಜು ಮತ್ತು ವೆಚ್ಚ: ಕೊಪ್ಪಳ ಸೀಮೆಯ ನೀರಾವರಿ ಚರಿತ್ರೆ

ನೀರಾವರಿ ಯೋಜನೆಯೊಂದರ ವೆಚ್ಚ ಮೂಲ ಅಂದಾಜನ್ನು ಮೀರಿದಾಗ ಅದರ ಹೊಣೆ ಹೊತ್ತವರು ಕಾಮಗಾರಿಯನ್ನು ನಿಲ್ಲಿಸುವ ಇಲ್ಲವೇ ಇನ್ನಷ್ಟು ಹಣ ಕೇಳುವ ಮೊದಲು, ಹೆಚ್ಚಳ ಯಾವ ಬಾಬಿನಲ್ಲಿ ಆಗಿದೆ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಹೀಗೆ ಬಿಡಿಸಿ ನೋಡುವುದರ ಅಗತ್ಯವನ್ನು ಕೊಪ್ಪಳ ಸೀಮೆಯ ಎರಡು ಯೋಜನೆಗಳು ಸ್ಪಷ್ಟವಾಗಿ ತೋರಿಸುತ್ತವೆ.

ಹೈದರಾಬಾದ್ ಸಂಸ್ಥಾನ ಮತ್ತು ಮದರಾಸು ಪ್ರಾಂತಗಳು 1944ರಲ್ಲಿ ಮಾಡಿಕೊಂಡ ಒಪ್ಪಂದದ ಬೆನ್ನಿಗೆ, 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾಯಿತು. ಎಡದಂಡೆಯ ಮುನಿರಾಬಾದ್ ಇಂದು ಕೊಪ್ಪಳ ತಾಲ್ಲೂಕಿನಲ್ಲಿದೆ. ಕಲ್ಲುಕಟ್ಟಡಕ್ಕೆ ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿ, ಅಂದರೆ ಸುಟ್ಟ ಮಣ್ಣಿನ ಪುಡಿ, ಬೆರೆಸಿದ ಗಾರೆಯನ್ನು ಬಳಸಲಾಯಿತು. 1953ರಲ್ಲಿ ಕಾಲುವೆಗೆ ನೀರು ಹರಿದು ಗಂಗಾವತಿ ಭತ್ತದ ನಾಡಾಯಿತು. ಆದರೆ ತಾನಾಗಿ ಇಳಿದು ಹರಿಯುವ ಕಾಲುವೆಯ ನೀರು ಎತ್ತರದಲ್ಲಿರುವ ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಮುಟ್ಟಲಿಲ್ಲ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 2016ರ ಸಮೀಕ್ಷೆಯ ಹೊತ್ತಿಗೆ 105.79ಕ್ಕೆ ಇಳಿದಿತ್ತು, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈ ನಷ್ಟ ತುಂಬಲು ಗಂಗಾವತಿಯ ಆಚೆ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾವ ಹುಟ್ಟಿದ್ದು, ಅಣೆಕಟ್ಟೆ ಮುಗಿದ ಮೇಲೂ ವೆಚ್ಚ ಮುಗಿಯುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿದೆ.

ನೀರು ಕಾಣದ ಆ ಎತ್ತರದ ಹೊಲಗಳಿಗಾಗಿ ರೂಪುಗೊಂಡ ಕೊಪ್ಪಳ ಏತ ನೀರಾವರಿ, ಅಂದರೆ ಪಂಪಿನಿಂದ ನೀರೆತ್ತುವ ಯೋಜನೆ, ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ ಭಾಗ. 2012ರಲ್ಲಿ 17,207 ಕೋಟಿ ರೂಪಾಯಿ ಇದ್ದ ಈ ಹಂತದ ಅಂದಾಜು 2017ರಲ್ಲಿ 51,148 ಕೋಟಿಗೆ ಪರಿಷ್ಕೃತವಾಯಿತು. 2014ರ ಜನವರಿಯಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯಿಂದ ಪರಿಹಾರದ ದರ ಏರಿದ್ದು ಇದರ ಮುಖ್ಯ ಕಾರಣವಾದುದರಿಂದ, ಸಿಮೆಂಟು ಅಥವಾ ಕೂಲಿಯಲ್ಲಿ ಉಳಿತಾಯ ಮಾಡಿ ಈ ಅಂತರವನ್ನು ಮುಚ್ಚುವಂತಿರಲಿಲ್ಲ. ಈ ಹಂತಕ್ಕೆ ಬೇಕಾದ ನೀರನ್ನು ನಿಲ್ಲಿಸಲು ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದರೂ ತೀರ್ಪಿನ ಅಧಿಸೂಚನೆ ಹೊರಬೀಳದೆ ವರ್ಷಗಳು ಉರುಳಿದವು, ನೆಲದ ಬೆಲೆಯೂ ಏರುತ್ತ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಈ ಏರಿಕೆಯಿಂದ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಗಳ ಒಪ್ಪಂದದ ದರವನ್ನು ನಿಗದಿಪಡಿಸಿತು.

ಸಾಮಗ್ರಿಯ ಬೆಲೆ, ಕಾನೂನಿನ ಬದಲಾವಣೆ, ಕೆಲಸದ ವಿಸ್ತರಣೆ, ವಿಳಂಬ ಈ ನಾಲ್ಕನ್ನೂ ಬೇರೆ ಬೇರೆ ಲೆಕ್ಕದಲ್ಲಿಟ್ಟರೆ ಮಾತ್ರ ಯಾವುದನ್ನು ಕಡಿಮೆ ಮಾಡಬಹುದು, ಯಾವುದನ್ನು ಕೂಡಲೇ ಪಾವತಿಸಬೇಕು ಎಂಬುದು ತಿಳಿಯುತ್ತದೆ. ಭೂಮಿಯ ಪರಿಹಾರವನ್ನು ಮುಂದೂಡುವುದು ಮಿತವ್ಯಯವೆನಿಸದು, ಏಕೆಂದರೆ ಪಂಪ್‌ಹೌಸು, ಕಾಲುವೆಗಳು ಸಿದ್ಧವಾದರೂ ಜಲಾಶಯದಲ್ಲಿ ನೀರು ನಿಲ್ಲಿಸಲಾಗದಿದ್ದರೆ ಅವುಗಳಿಗೆ ಹಾಕಿದ ಹಣ ಫಲ ಕೊಡದೆ ಉಳಿಯುತ್ತದೆ. ಆದ್ದರಿಂದ ಪೂರ್ಣ ಪರಿಷ್ಕೃತ ಅಂದಾಜನ್ನು ತಡಮಾಡದೆ ಶಾಸನಸಭೆಯ ಮುಂದಿಟ್ಟು, ಮೊದಲ ಕಂತಿನ ಹಣವನ್ನು ಮುಳುಗಡೆಯ ರೈತರಿಗೆ ಮೀಸಲಿಡುವುದೇ ಮೀರಿದ ವೆಚ್ಚಕ್ಕೆ ಸಲ್ಲುವ ಸರಿಯಾದ ಉತ್ತರ.