ಸೆಲ್ಲಿಲ್ಲದ ಬಿಲ್ಲೆ

ಜಯನಗರದ ಮೆಟ್ರೊ ನಿಲ್ದಾಣದಲ್ಲಿ ಈಚೆಗೆ ನನ್ನ ಸೋದರಮಾವ ನನ್ನನ್ನು ಪೇಚಿಗೆ ಸಿಕ್ಕಿಸಿದರು. ಊರಿನಿಂದ ಬಂದಿದ್ದ ಅವರ ಕೈಗೆ ಪ್ರಯಾಣದ ಬಿಲ್ಲೆಯನ್ನಿತ್ತು, ಇದನ್ನು ಅಲ್ಲಿ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ ಎಂದೆ. ತೆರೆಯಿತು. ಒಳಗೆ ಕಾಲಿಟ್ಟವರೇ ಬಿಲ್ಲೆಯನ್ನು ಕಿವಿಯ ಬಳಿ ಅಲ್ಲಾಡಿಸಿ, "ಏನೋ ಮೇಷ್ಟ್ರೆ, ಇದರೊಳಗೆ ಸೆಲ್ಲು ಎಲ್ಲಿದೆಯೋ?" ಎಂದರು. ಹಳಗನ್ನಡದ ಸಮಾಸಗಳನ್ನು ಬಿಡಿಸಿ ಹೇಳಿ ಸಂಬಳ ಪಡೆಯುವ ನನಗೆ ಆ ಬಿಲ್ಲೆಯನ್ನು ಬಿಡಿಸಿ ಹೇಳಲಾಗಲಿಲ್ಲ.

ಸೆಲ್ಲು ಇಲ್ಲವೇ ಇಲ್ಲವೆಂಬುದು ಆಮೇಲೆ ಓದಿ ತಿಳಿದದ್ದು. ಒಳಗಿರುವುದು ಸಿಲಿಕಾನಿನ ಒಂದು ಪುಟ್ಟ ಚೂರು, ಅದರ ಸುತ್ತ ತಂತಿಯ ಸುರುಳಿ. ಬಾಗಿಲ ಯಂತ್ರದಲ್ಲಿಯೂ ಒಂದು ಸುರುಳಿ ಉಂಟು. ಇಂಥ ಏರ್ಪಾಟುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಕಂಪಿಸುವ ವಿದ್ಯುತ್ತು ಅದರಲ್ಲಿ ಹರಿಯುತ್ತಿರುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮದಂತೆ, ಆ ಕಾಂತಕ್ಷೇತ್ರದೊಳಕ್ಕೆ ಬಂದ ಬಿಲ್ಲೆಯ ಸುರುಳಿಯಲ್ಲಿ ತಾನಾಗಿ ವಿದ್ಯುತ್ತು ಹುಟ್ಟುತ್ತದೆ. ಚೂರು ಎಚ್ಚತ್ತು ತನ್ನ ಸಂಖ್ಯೆಯನ್ನು ಒಪ್ಪಿಸುತ್ತದೆ. ಕರೆದವನ ಉಸಿರನ್ನೇ ಎರವಲು ಪಡೆದು ಓಗೊಡುವ ಪರಿ ಇದು.

ಈ ವಿದ್ಯೆ ಹುಟ್ಟಿದ್ದು ನಮ್ಮಂಥ ಪ್ರಯಾಣಿಕರ ಅನುಕೂಲಕ್ಕಲ್ಲ. ಎರಡನೆಯ ಮಹಾಯುದ್ಧದಲ್ಲಿ, ರೇಡಾರಿಗೆ ಕಂಡ ವಿಮಾನ ತಮ್ಮದೋ ವೈರಿಯದೋ ತಿಳಿಯಲೆಂದು ಬ್ರಿಟಿಷರು ಕರೆಗೆ ಮರುದನಿ ಕೊಡುವ ಯಂತ್ರಗಳನ್ನು ತಮ್ಮ ವಿಮಾನಗಳಲ್ಲಿಟ್ಟರು. ಅವಕ್ಕೆ ಸ್ವಂತ ವಿದ್ಯುತ್ತು ಬೇಕಾಗಿತ್ತು. ಅದಿಲ್ಲದೆಯೇ ಓಗೊಟ್ಟ ವಸ್ತುವಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 1945ರಲ್ಲಿ ಸೋವಿಯತ್ ಬಾಲಕರು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಆತನ ದೇಶದ ಮುದ್ರೆಯನ್ನೇ ಮರದಲ್ಲಿ ಕೆತ್ತಿದ್ದೊಂದನ್ನು ಕಾಣಿಕೆ ಕೊಟ್ಟರು. ಅದು ಆತನ ನಿವಾಸದ ಗೋಡೆಯನ್ನು ಅಲಂಕರಿಸಿತು. ಒಳಗೊಂದು ಲೋಹದ ಗೂಡು, ತೆಳುಪೊರೆ, ಕಡ್ಡಿ, ಅಷ್ಟೇ. ಹೊರಗಿನಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಅದು ಕೋಣೆಯ ಮಾತುಗಳನ್ನು ಅಲೆಯ ಮೇಲೆ ಹೊರಿಸಿ ಹಿಂದಕ್ಕೆ ಕಳಿಸುತ್ತಿತ್ತು. ಗುಟ್ಟು ರಟ್ಟಾದದ್ದು 1952ರಲ್ಲಿ! ಅದನ್ನು ರಚಿಸಿದ ಲಿಯಾನ್ ಥೆರಮಿನ್, ಕೈ ತಗುಲಿಸದೆ ನುಡಿಸುವ ವಾದ್ಯವೊಂದನ್ನು ಕಂಡುಹಿಡಿದವನು. ಆ ಹೊತ್ತಿಗೆ ತನ್ನದೇ ಸರ್ಕಾರದ ಸೆರೆಯಾಳು.

ಪ್ರತಿಫಲಿಸಿದ ಅಲೆಯಿಂದಲೇ ಸಂದೇಶ ಕಳಿಸಬಹುದೆಂದು ಹ್ಯಾರಿ ಸ್ಟಾಕ್‌ಮನ್ 1948ರಲ್ಲಿ ಬಹಿರಂಗವಾಗಿ ಬರೆದರು. ಅದು ಅಗ್ಗವಾಗಿ ಕೈಗೂಡಲು ದಶಕಗಳೇ ಹಿಡಿದವು.

ನಮ್ಮ ನಗರದಲ್ಲಿ ಮೆಟ್ರೊ ಹೊರಟಿದ್ದು 2011ರ ಅಕ್ಟೋಬರಿನಲ್ಲಿ. ಜಯನಗರ, ಬನಶಂಕರಿಗಳ ಕಡೆಗೆ ಬಂದದ್ದು 2017ರ ಜೂನಿನಲ್ಲಿ. ಅದರ ಬಿಲ್ಲೆಯನ್ನು ಇಳಿದೊಡನೆ ಗಂಡಿಯೊಳಗೆ ಹಾಕಿಬಿಡುತ್ತೇವೆ. ನಾಳೆ ಅದು ಇನ್ನಾರದೋ ಅಂಗೈಯಲ್ಲಿ. ಅದಕ್ಕೆ ನನ್ನ ಹೆಸರು ತಿಳಿಯದು.

ಕಾರಿನ ಗಾಜಿಗಂಟಿದ ಫಾಸ್ಟ್ಯಾಗ್ ಹಾಗಲ್ಲ. 2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಡ್ಡಾಯವಾದ ಈ ಚೀಟಿ ಹಲವು ಗಜ ದೂರದಿಂದಲೇ ಓಗೊಡುತ್ತದೆ. ಅದರ ಸಂಖ್ಯೆಗೆ ವಾಹನವೂ ಹಣದ ಖಾತೆಯೂ ಗಂಟುಬಿದ್ದಿವೆ. ಸುಂಕವೇನೂ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳಗಳನ್ನು ಓದುತ್ತೇವೆ. ಅದರ ಅಧಿಕಾರಿ ಸುಂಕವೆರ್ಗಡೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಗಾದೆಯೇ ಇದೆಯಲ್ಲ! ಆದರೂ ಹೇಳಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಿದ್ದ. ಕಳೆದ ವರ್ಷ ನನ್ನ ಕಾರು ಜೆ.ಪಿ. ನಗರದ ಮನೆಯೆದುರು ಧೂಳು ಹೊದ್ದು ನಿಂತಿದ್ದ ದಿನವೇ, ದೂರದ ಕಟ್ಟೆಯೊಂದನ್ನು ಅದು ದಾಟಿತೆಂದು ಸುಂಕ ಕಡಿತವಾಯಿತು. ದೂರಿತ್ತೆ. ಹಣ ಮರಳಲು ಮೂರು ವಾರ ಹಿಡಿಯಿತು. ಹಣ ದೊಡ್ಡದಲ್ಲ, ಆದರೆ ಅಷ್ಟು ದಿನವೂ, ಎಲ್ಲಿಗೂ ಹೋಗಿರಲಿಲ್ಲವೆಂಬುದನ್ನು ರುಜುವಾತುಪಡಿಸುವ ಹೊಣೆ ನನ್ನ ಮೇಲಿತ್ತು.

ಮಾವನವರನ್ನು ಊರಿನ ಬಸ್ಸಿಗೆ ಬಿಡಲು ಮೆಜೆಸ್ಟಿಕ್ಕಿಗೆ ಹೋಗುವಾಗ ಇದನ್ನೆಲ್ಲ ಹೇಳಿದೆ. "ಕರೆದವರು ಯಾರೂಂತ ಅದು ವಿಚಾರಿಸುತ್ತದೆಯೇ?" ಎಂದು ಕೇಳಿದರು. ಕೆಲವು ಚಿಪ್ಪುಗಳು ಗುಟ್ಟಿನ ಸಂಕೇತ ಕೇಳಿಯೇ ಬಾಯಿಬಿಡುತ್ತವೆ, ಕೆಲವು ಕೇಳಿದವರಿಗೆಲ್ಲ ಹೇಳುತ್ತವೆ ಎಂದೆ. ಮಾವ ಬಿಲ್ಲೆಯನ್ನು ಗಂಡಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು, "ಆ ವಾದ್ಯದವನಿಗೆ ಬಿಡುಗಡೆ ಆಯಿತೇನೋ?" ಎಂದರು.

ಆಯಿತು, 1947ರಲ್ಲಿ. ಕದ್ದಾಲಿಸುವ ಯಂತ್ರ ಮಾಡಿದ್ದಕ್ಕೆ ಸ್ಟಾಲಿನ್ ಬಹುಮಾನವೂ ಬಂತು.